ಗಂಧ ಬೇಸಿಗೆಗೆ, ಅಗಿಲು ಚಳಿಗೆ: ಶಾಸನಗಳ ‘ಗಂಧ ಧೂಪ’ದ ಬಗ್ಗೆ ಒಂದು ಟಿಪ್ಪಣಿ

ಹೋದ ಧನುರ್ಮಾಸದಲ್ಲಿ ಚನ್ನಪಟ್ಟಣದ ಅಕ್ಕನ ಮನೆಯಲ್ಲಿದ್ದೆ. ಬೆಳಗಿನ ಜಾವ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಸ್ಥಾನಕ್ಕೆ ಹೊರಡುವ ತಯಾರಿ. ಹೊರಗೆ ಮಂಜು, ಒಳಗೆ ತಣ್ಣನೆ ನೆಲ. ಅಕ್ಕನ ಮಗ ಶಾಲು ಸುತ್ತಿಕೊಂಡು, ಹೊಸದಾಗಿ ತಂದ ಸೆಂಟಿನ ಬಾಟಲಿಯನ್ನು ಕತ್ತಿಗೆ, ಕೈಗೆ ಎರಡೆರಡು ಸಲ ಒತ್ತಿಕೊಂಡ. ‘ಮಾವ, ಚಳಿಗಾಲಕ್ಕೆ ವುಡಿ ಸೆಂಟೇ ಸರಿ ಅಂತಾರೆ. ಬೇಸಿಗೇಲಿ ನಿಂಬೆ, ಹೂವು. ಚಳೀಲಿ ಮರ. ಇದ್ರಲ್ಲಿ ಗಂಧ ಇದೆ, ಲಾವಂಚ ಇದೆ, ದೇವದಾರು ಇದೆ’ ಎಂದು ಬಾಟಲಿಯ ಹಿಂದಿನ ಬರಹ ತೋರಿಸಿದ. ಅಡುಗೆಮನೆಯಿಂದ ಅಕ್ಕ ಕೂಗಿ ಹೇಳಿದಳು: ‘ಚಳೀಲಿ ಗಂಧ ಯಾರೋ ಹಚ್ಕೊಳ್ಳೋದು? ಶೀತ ಆಗ್ತದೆ ಅಂತ ಅಜ್ಜಿ ಬಯ್ತಿರಲಿಲ್ವಾ?’

ಅಜ್ಜಿ ಬಯ್ಯುತ್ತಿದ್ದದ್ದು ನಿಜ. ನಮ್ಮ ಮನೆಯಲ್ಲಿ ಸಾಣೆಕಲ್ಲು ಮತ್ತು ಗಂಧದ ಕೊರಡು ದೇವರ ಗೂಡಿನ ಪಕ್ಕದಲ್ಲೇ ಇರುತ್ತಿದ್ದವು. ಬೇಸಿಗೆಯಲ್ಲಿ ಬೆವರುಸಾಲೆ ಎದ್ದರೆ ಮೈಗೆಲ್ಲ ಗಂಧ. ಮಾರ್ಗಶಿರ ಬಂತೆಂದರೆ ದೇವರ ಹಣೆಗೆ ಒಂದು ಬೊಟ್ಟು, ನಮಗೆ ಏನೂ ಇಲ್ಲ. ಹಾಗಾದರೆ ಒಂದೇ ಮರವನ್ನು ಅಂಗಡಿಯವರು ಚಳಿಗೆ ಸರಿ ಎನ್ನುತ್ತಾರೆ, ಅಜ್ಜಿ ಚಳಿಗೆ ಬೇಡ ಎನ್ನುತ್ತಾಳೆ. ದೇವಸ್ಥಾನದ ದಾರಿಯಲ್ಲಿ ಇದನ್ನೇ ಯೋಚಿಸುತ್ತಾ ಹೋದೆ. ಇದು ಬರೀ ಸೆಂಟಿನ ಜಗಳವಲ್ಲ, ನಾವು ಶಾಸನ ಓದುವವರು ದಿನಾ ಮಾಡುವ ಒಂದು ತಪ್ಪಿಗೂ ಇದಕ್ಕೂ ಸಂಬಂಧ ಇದೆ ಅಂತ ಆಮೇಲೆ ಹೊಳೆಯಿತು.

ಆ ತಪ್ಪು ಇದು. ದತ್ತಿ ಶಾಸನಗಳಲ್ಲಿ ‘ಗಂಧ ಧೂಪ ದೀಪ ನೈವೇದ್ಯ’ ಎಂಬ ಸಾಲು ಎಷ್ಟು ಸಲ ಬರುತ್ತದೆ ಎಂದು ನಿಮಗೆ ಗೊತ್ತು. ಇಂಥ ದೇವರ ಅಂಗಭೋಗ ರಂಗಭೋಗಕ್ಕೆ, ನಂದಾದೀವಿಗೆಗೆ, ಚೈತ್ರಪವಿತ್ರಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದು ಗದ್ದೆ ಬೆದ್ದಲು ಬಿಟ್ಟ ವಿವರ, ಅದರ ನಡುವೆ ಎಲ್ಲೋ ಈ ನಾಲ್ಕು ಶಬ್ದ. ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ. ಅಳತೆ ಏನು, ಗಡಿ ಯಾವುದು, ದೊರೆ ಯಾರು, ತೇದಿ ಹೊಂದುತ್ತದೋ ಇಲ್ಲವೋ ಅಂತ ಮುಂದೆ ಓಡುತ್ತೇವೆ. ಅರ್ಥ ಬರೆಯುವಾಗ ‘ಗಂಧ’ ಎಂದರೆ ಶ್ರೀಗಂಧ, ‘ಧೂಪ’ ಎಂದರೆ ಊದುಬತ್ತಿ ಎಂಬಂತೆ ಬರೆದು ಮುಗಿಸುತ್ತೇವೆ. ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಇಂಥ ಸಾಲುಗಳ ಮುಂದೆ ‘ಶ್ರೀಗಂಧಕ್ಕೆ ದತ್ತಿ’ ಎಂದು ಪೆನ್ಸಿಲ್ಲಿನಲ್ಲಿ ಬರೆದದ್ದು ಕಡಿಮೆಯೆಂದರೂ ಹತ್ತು ಕಡೆ ಇದೆ.

ನಮ್ಮ ಈ ಭಾಗದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಚನ್ನಪಟ್ಟಣ, ಕನಕಾನಹಳ್ಳಿ (ಇಂದಿನ ಕನಕಪುರ), ಮಾಗಡಿ ಎಲ್ಲವೂ ಅದರಲ್ಲಿವೆ. ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಎಂದು ಹೆಸರು. ಈ ಸಂಪುಟ ತಿರುವಿದವರಿಗೆ ಮೊದಲು ಎದ್ದು ಕಾಣುವುದು, ಕನ್ನಡದ ಜೊತೆ ಎಷ್ಟೊಂದು ತಮಿಳು ಶಾಸನಗಳಿವೆ ಎನ್ನುವುದು. 11ನೆಯ ಶತಮಾನದ ಹೊತ್ತಿಗೆ ಗಂಗವಾಡಿಯ ಈ ಅಂಚು ಚೋಳರ ಕೈಗೆ ಹೋಗಿತ್ತು, ಆಮೇಲೆ ಹೊಯ್ಸಳರು ಬಂದರು. ಎರಡು ಭಾಷೆಯ ಆಡಳಿತ, ಎರಡು ರೀತಿಯ ದೇವಸ್ಥಾನದ ಲೆಕ್ಕ. ಈ ಎರಡು ಭಾಷೆಗಳ ವಿಷಯ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಮೊದಲು ‘ಗಂಧ’. ಸಂಸ್ಕೃತದಲ್ಲಿ ಇದಕ್ಕೆ ವಾಸನೆ ಎಂದಷ್ಟೇ ಅರ್ಥ, ಒಳ್ಳೆಯದೂ ಆಗಬಹುದು ಕೆಟ್ಟದ್ದೂ ಆಗಬಹುದು. ಕನ್ನಡದಲ್ಲಿ ಮಾತ್ರ ಅದು ಕುಗ್ಗುತ್ತಾ ಕುಗ್ಗುತ್ತಾ ಒಂದು ಮರಕ್ಕೆ, ಆ ಮರವನ್ನು ತೇಯ್ದ ಲೇಪಕ್ಕೆ ಅಂಟಿಕೊಂಡಿತು. ‘ಗಂಧ ತಗೊಂಡು ಬಾ’ ಎಂದರೆ ಯಾವ ಗಂಧ ಎಂದು ಇವತ್ತು ಯಾರೂ ಕೇಳುವುದಿಲ್ಲ. ಆದರೆ ಕಲ್ಲು ಕೆತ್ತಿದ ಕಾಲಕ್ಕೆ ಈ ಕುಗ್ಗುವಿಕೆ ಪೂರ್ತಿ ಆಗಿರಲಿಲ್ಲ. ಎಲ್ಲರಿಗೂ ಗೊತ್ತಿರುವ ಉದಾಹರಣೆ ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿ. ವಿಷ್ಣುವರ್ಧನನ ರಾಣಿ ಶಾಂತಲದೇವಿ 1123ರಲ್ಲಿ ಕಟ್ಟಿಸಿದ್ದು, ಅವಳ ಬಿರುದಿನಿಂದಲೇ ಬಸದಿಗೆ ಹೆಸರು. ಗಂಧವಾರಣ ಎಂದರೆ ಗಂಧದ ಮರ ಹೊತ್ತ ಆನೆಯಲ್ಲ, ಮದ ಸುರಿಯುವ ಆನೆ. ಅದರ ಮದಜಲದ ವಾಸನೆಗೇ ಬೇರೆ ಆನೆಗಳು ಓಡುತ್ತವೆ ಎಂಬ ನಂಬಿಕೆ. ಅಲ್ಲಿ ‘ಗಂಧ’ವನ್ನು ಶ್ರೀಗಂಧ ಎಂದು ಓದಿದರೆ ನಗೆಪಾಟಲು. ದೇವರ ಪೂಜೆಯ ಸಾಲಿಗೆ ಬಂದ ಕೂಡಲೇ ಮಾತ್ರ ನಮಗೆ ಆ ಎಚ್ಚರ ತಪ್ಪುತ್ತದೆ.

‘ಕುಂಕುಮ’ದ ಗತಿಯೂ ಇದೇ. ಹಳೆಯ ಪಠ್ಯಗಳಲ್ಲಿ ಕುಂಕುಮ ಎಂದರೆ ಕಾಶ್ಮೀರದ ಕೇಸರಿ. ಅರಿಸಿನಕ್ಕೆ ಸುಣ್ಣ ಬೆರೆಸಿದ ಕೆಂಪು ಪುಡಿಗೆ ಆ ಹೆಸರು ಬಂದದ್ದು ಆಮೇಲೆ. ದುಬಾರಿ ವಸ್ತುವಿನ ಹೆಸರು ಕೈಗೆಟುಕುವ ವಸ್ತುವಿನ ಮೇಲೆ ಇಳಿಯುವುದು ಸುಗಂಧದ ಲೋಕದಲ್ಲಿ ಮಾಮೂಲು.

ಪೂಜೆಯ ಸಾಲಿನಲ್ಲಿ ಗಂಧ, ಧೂಪ ಬೇರೆ ಬೇರೆ ಬಾಬ್ತು ಎಂಬುದಕ್ಕೆ ಜೈನ ಶಾಸನಗಳು ಚೆನ್ನಾಗಿ ಸಾಕ್ಷಿ ಕೊಡುತ್ತವೆ. ಬಸದಿಗಳ ದತ್ತಿಯಲ್ಲಿ ‘ಅಷ್ಟವಿಧಾರ್ಚನೆಗೆ’ ಎಂದು ಬರುತ್ತದಲ್ಲ, ಆ ಎಂಟು ಯಾವುವು? ಜಲ, ಗಂಧ, ಅಕ್ಷತೆ, ಪುಷ್ಪ, ನೈವೇದ್ಯ, ದೀಪ, ಧೂಪ, ಫಲ. ಗಂಧ ನೀರಿನ ಪಕ್ಕದಲ್ಲಿ ಕೂತಿದೆ, ಧೂಪ ದೀಪದ ಪಕ್ಕದಲ್ಲಿ. ಒಂದು ತೇವದ ಗುಂಪು, ಇನ್ನೊಂದು ಬೆಂಕಿಯ ಗುಂಪು. ಮಾಗಡಿ ತಾಲ್ಲೂಕಿನ ಕಲ್ಯ ಒಂದು ಕಾಲಕ್ಕೆ ಇಂಥ ಅರ್ಚನೆ ನಡೆಯುತ್ತಿದ್ದ ಜಾಗ. 1368ರಲ್ಲಿ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಪ್ರಸಿದ್ಧ ಶಾಸನದ ಒಂದು ಪ್ರತಿ ಶ್ರವಣಬೆಳಗೊಳದಲ್ಲಿದ್ದರೆ ಇನ್ನೊಂದು ಇದೇ ಕಲ್ಯದಲ್ಲಿದೆ. ಶಾಲೆಯ ಪಾಠದಲ್ಲಿ ಓದಿದ್ದ ಆ ಶಾಸನ ನಮ್ಮ ಮಾಗಡಿ ಮಗ್ಗುಲಲ್ಲೇ ಇದೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಈಗ ಚಳಿಯ ವಿಷಯಕ್ಕೆ ಬರೋಣ. ತೇವ ಮತ್ತು ಬೆಂಕಿ ಎಂಬ ಈ ಭೇದ ಪೂಜೆಯಲ್ಲಿ ಮಾತ್ರ ಇದ್ದದ್ದಲ್ಲ, ಜನ ಮೈಗೆ ಹಚ್ಚಿಕೊಳ್ಳುವುದರಲ್ಲೂ ಇತ್ತು, ಋತುವಿಗೆ ಸರಿಯಾಗಿ ಬದಲಾಗುತ್ತಿತ್ತು. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಋತುಚರ್ಯೆ ಹೇಳುವಾಗ ಹೇಮಂತಕ್ಕೆ ದಪ್ಪನೆಯ ಅಗರು ಲೇಪ, ವಸಂತಕ್ಕೆ ಚಂದನ ಅಗರು ಎರಡೂ ಸೇರಿದ ಲೇಪ, ಗ್ರೀಷ್ಮಕ್ಕೆ ಬರೀ ಚಂದನ. ಬೇಸಿಗೆಯ ರಾತ್ರಿ ಗಾಳಿ ಬೀಸುವ ಮಾಳಿಗೆಯ ಮೇಲೆ ಮೈಗೆ ಚಂದನ ಬಳಿದುಕೊಂಡು ಮಲಗಬೇಕಂತೆ. ಎಷ್ಟು ನೇರವಾದ ಏರಿಳಿತ ನೋಡಿ: ಚಳಿ ಕಮ್ಮಿಯಾದಂತೆ ಅಗರು ಕಮ್ಮಿ, ಸೆಖೆ ಏರಿದಂತೆ ಚಂದನ ಜಾಸ್ತಿ. ವಾಗ್ಭಟ ಅಷ್ಟಾಂಗಹೃದಯದಲ್ಲಿ ಹೇಮಂತಕ್ಕೆ ಕಸ್ತೂರಿ ಬೆರೆಸಿದ ಕುಂಕುಮದ ಲೇಪ ಮತ್ತು ಅಗರುವಿನ ಹೊಗೆ ಎನ್ನುತ್ತಾನೆ. ಲೇಪವೂ ಬಿಸಿ, ಮೇಲೆ ಹೊಗೆ ಬೇರೆ.

ಚರಕನದೇ ಇನ್ನೊಂದು ಕಡೆ ಹತ್ತು ಹತ್ತು ದ್ರವ್ಯಗಳ ಪಟ್ಟಿಗಳಿವೆ. ಉರಿ ತಣಿಸುವ ಹತ್ತರಲ್ಲಿ ಚಂದನವೂ ಉಶೀರವೂ (ನಮ್ಮ ಲಾವಂಚ) ಸೇರಿವೆ. ಚಳಿ ಕಳೆಯುವ ಹತ್ತರಲ್ಲಿ ತಗರ, ಅಗರು ಮೊದಲಿಗೆ ಬರುತ್ತವೆ, ಶುಂಠಿ ಹಿಪ್ಪಲಿಗಳ ಜೊತೆಗೆ. ಅಕ್ಕನ ಮಗನ ಬಾಟಲಿಯ ಹಿಂದೆ ‘ಚಳಿಗೆ’ ಎಂದು ಬರೆದ ಮೂರರಲ್ಲಿ ಎರಡು, ಚರಕನ ಲೆಕ್ಕದಲ್ಲಿ ಅಚ್ಚ ಬೇಸಿಗೆಯವು. ದೇವದಾರು ಮಾತ್ರ ಉಷ್ಣದ ಕಡೆಗೆ. ಇಂದಿನ ಸುಗಂಧದವರು ಗಂಧ, ಲಾವಂಚ, ದೇವದಾರು, ಅಗರು ನಾಲ್ಕನ್ನೂ ‘ವುಡಿ’ ಎಂಬ ಒಂದೇ ಪೆಟ್ಟಿಗೆಗೆ ಹಾಕುತ್ತಾರೆ. ನಮ್ಮವರು ಅದೇ ನಾಲ್ಕನ್ನು ನಡುವೆ ಸೀಳಿ ಎರಡು ಋತುವಿಗೆ ಹಂಚಿದ್ದರು.

ಇದು ಬರೀ ವೈದ್ಯರ ಪುಸ್ತಕದ ನಿಯಮ, ಜನ ಯಾರು ಪಾಲಿಸುತ್ತಿದ್ದರು ಎಂದು ಕೇಳಬಹುದು. ಅದಕ್ಕೇ ಮೇಲೆ ತಮಿಳಿನ ವಿಷಯ ನೆನಪಿಡಲು ಹೇಳಿದ್ದು. ಸಂಗಂ ಕಾಲದ ಪತ್ತುಪ್ಪಾಟ್ಟುವಿನಲ್ಲಿ ನಕ್ಕೀರರ ‘ನೆಡುನಲ್ವಾಡೈ’ ಎಂಬ ಪದ್ಯವಿದೆ, ಬಡಗಣ ಚಳಿಗಾಳಿಯ ಬಗ್ಗೆ. ಅದರಲ್ಲಿ ಚಳಿ ಬಂದಾಗ ಊರಿನ ಮನೆಗಳಲ್ಲಿ ಏನೇನು ನಿಂತುಹೋಯಿತು ಎಂಬ ವಿವರ ಬರುತ್ತದೆ. ಉತ್ತರದವರು ತಂದ ಒಳ್ಳೆಯ ಸಾಣೆಕಲ್ಲು, ದಕ್ಷಿಣದ ಚಂದನ, ಎರಡೂ ಕೆಲಸವಿಲ್ಲದೆ ಮೂಲೆಗೆ ಬಿದ್ದಿವೆ. ಬದಲಿಗೆ ತಗರದ ಕಟ್ಟಿಗೆಯ ಬೆಂಕಿಯಲ್ಲಿ ಅಗಿಲಿನ ಹೊಗೆ ಹಾಕುತ್ತಿದ್ದಾರೆ. ಚರಕನ ಚಳಿಯ ಪಟ್ಟಿಯ ತಗರ ಮತ್ತು ಅಗರು ಇಲ್ಲಿ ಒಲೆಯಲ್ಲೇ ಜೋಡಿಯಾಗಿವೆ. ಅಜ್ಜಿಯ ಮಾತಿಗೆ ಇಷ್ಟು ಹಳೆಯ ಸಾಕ್ಷಿ ಸಿಗುತ್ತದೆ ಎಂದುಕೊಂಡಿರಲಿಲ್ಲ.

ಅಗಿಲು ಎಂಬುದು ಹೊರಗಿನ ಪದ ಅಂದುಕೊಳ್ಳಬೇಡಿ. ತಮಿಳು ಮಲಯಾಳದಲ್ಲಿ ಅಕಿಲ್, ಕನ್ನಡದಲ್ಲಿ ಅಗಿಲ್, ತುಳುವಿನಲ್ಲಿ ಅಗಿಲು, ಹಳೆಯ ದ್ರಾವಿಡ ಬಳಕೆಯ ಪದ. ಕಿಟ್ಟೆಲ್ ಕೋಶದಲ್ಲೂ ಇದೆ. ಆದರೆ ಮಾತಿನಲ್ಲಿ ನಾವು ಅದನ್ನು ಕಳೆದುಕೊಂಡೆವು. ವಿಚಿತ್ರ ಎಂದರೆ, ಕಳೆದುಕೊಂಡೂ ದಿನಕ್ಕೆರಡು ಸಲ ಅದರ ಹೆಸರು ಹೇಳುತ್ತೇವೆ. ‘ಅಗರಬತ್ತಿ’ಯಲ್ಲಿ ಇರುವುದು ಅಗರು. ‘ಊದುಬತ್ತಿ’ಯಲ್ಲಿ ಇರುವ ಊದು, ನಾವು ಅಂದುಕೊಂಡಂತೆ ಬಾಯಲ್ಲಿ ಊದುವುದಲ್ಲ, ಅರಬ್ಬಿಯ ‘ಊದ್’. ಆ ಮಾತಿಗೆ ಮೂಲದಲ್ಲಿ ಕಟ್ಟಿಗೆ ಎಂದರ್ಥ, ಸುಗಂಧದ ಲೋಕದಲ್ಲಿ ಅಗರುವಿನ ಕಟ್ಟಿಗೆ. ಮೂರನೆಯ ಹೆಸರು ‘ಗಂಧದ ಕಡ್ಡಿ’. ಒಂದೇ ಕಡ್ಡಿಗೆ ಎರಡು ಹೆಸರು ಅಗರುವಿನದು, ಒಂದು ಹೆಸರು ಗಂಧದ್ದು. ಕಡ್ಡಿಯೊಳಗೆ ಬಹಳ ಸಲ ಇವೆರಡೂ ಇರುವುದಿಲ್ಲ ಎನ್ನುವುದು ಬೇರೆ ಮಾತು. ‘ಊದ್’ ಎಂಬ ಹೆಸರಿನ ಪುಟ್ಟ ಶೀಶೆಗೆ ಸಾವಿರಗಟ್ಟಲೆ ಕೊಡುವ ಹುಡುಗರಿಗೆ ಇದು ನಮ್ಮ ಊದುಬತ್ತಿಯ ಊದೇ ಕಣಪ್ಪಾ ಎಂದರೆ ನಂಬುವುದಿಲ್ಲ.

ಅಗರು ಗಂಧದ ಹಾಗೆ ಇಲ್ಲಿ ಬೆಳೆದದ್ದಲ್ಲ. ಅದು ಅಸ್ಸಾಮಿನ ಕಡೆಯ, ಆಗ್ನೇಯ ಏಷ್ಯದ ಮರ. ಮರ ತಾನಾಗಿ ಸುವಾಸನೆ ಕೊಡುವುದಿಲ್ಲ. ಗಾಯವಾಗಿ, ಶಿಲೀಂಧ್ರ ತಗುಲಿ, ಅದನ್ನು ತಡೆಯಲು ಮರ ತನ್ನೊಳಗೆ ಕಪ್ಪು ರಾಳ ತುಂಬಿಕೊಂಡಾಗಲೇ ಅದು ಅಗರು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಬೊಕ್ಕಸಕ್ಕೆ ಸೇರುವ ವಸ್ತುಗಳ ಜೊತೆ ಚಂದನದ ಬಗೆಗಳೂ ಅಗರುವಿನ ಬಗೆಗಳೂ ಬೇರೆ ಬೇರೆಯಾಗಿ ಬರುತ್ತವೆ. ಅಗರುವಿನ ಒಂದು ಬಗೆಯ ಹೆಸರೇ ‘ಪಾರಸಮುದ್ರಕ’, ಕಡಲಾಚೆಯದು.

ಕಡಲಾಚೆಯ ಮಾಲು ಘಟ್ಟ ಹತ್ತಿ ಬಯಲುಸೀಮೆಗೆ ಹೇಗೆ ಬರುತ್ತಿತ್ತು ಎಂಬುದಕ್ಕೆ ಶಾಸನಗಳೇ ಉತ್ತರ. ಅಯ್ಯಾವೊಳೆ ಐನೂರ್ವರ ಶಾಸನಗಳಲ್ಲಿ ಬಹಳ ಉದ್ದದ ಪ್ರಶಸ್ತಿ ಇರುವುದು ಶಿಕಾರಿಪುರ ತಾಲ್ಲೂಕಿನ 118ನೆಯದು, ಎಪಿಗ್ರಾಫಿಯದ 7ನೆಯ ಸಂಪುಟದಲ್ಲಿ. ಆನೆ, ಕುದುರೆ, ನೀಲ, ಮುತ್ತು, ವಜ್ರ ಎಲ್ಲ ಹೇಳಿದ ಮೇಲೆ ಏಲಕ್ಕಿ, ಲವಂಗ, ಗುಗ್ಗುಳ, ಚಂದನ, ಕರ್ಪೂರ, ಕಸ್ತೂರಿ, ಕುಂಕುಮ ಎಂದು ಪರಿಮಳದ ಸಾಲೇ ಬರುತ್ತದೆ. ಅವನ್ನು ಸಗಟಾಗಿಯೂ ಮಾರುತ್ತಿದ್ದರು, ಹೆಗಲ ಮೇಲೆ ಹೊತ್ತು ಊರೂರಿಗೂ ತಿರುಗುತ್ತಿದ್ದರು. ಇದೇ ಐನೂರ್ವರು ಸುಮಾತ್ರಾದ ಬಾರೂಸ್‌ನಲ್ಲಿ 1088ರಲ್ಲಿ ಒಂದು ತಮಿಳು ಶಾಸನ ಹಾಕಿಸಿದ್ದಾರೆ. ಬಾರೂಸ್ ಎಂದರೆ ಕರ್ಪೂರದ ಬಂದರು. ಅಲ್ಲಿಗೆ ಬರುವ ಹಡಗಿನವರು ಕಟ್ಟಬೇಕಾದ ಚಿನ್ನವನ್ನು ಆ ಶಾಸನ ಕಸ್ತೂರಿಯ ಬೆಲೆಗೆ ಹೋಲಿಸಿ ಗೊತ್ತುಮಾಡುತ್ತದೆ. ಪರಿಮಳವೇ ಅಲ್ಲಿ ಹಣದ ಅಳತೆ.

ಆದ್ದರಿಂದ ‘ಧೂಪ’ ಕಂಡಕೂಡಲೇ ಅಗರು ಎಂದು ಬರೆಯುವುದೂ ತಪ್ಪೇ. ಅಷ್ಟು ದೂರದಿಂದ ಬಂದ ಮಾಲನ್ನು ಹಳ್ಳಿಯ ಗುಡಿಯಲ್ಲಿ ದಿನಕ್ಕೆ ಮೂರು ಹೊತ್ತು ಸುಡಲು ಎರಡು ಕೊಳಗ ಗದ್ದೆಯ ಹುಟ್ಟುವಳಿ ಸಾಲುವುದಿಲ್ಲ. ಗುಗ್ಗುಳ, ಹಾಲ್ಮಡ್ಡಿ, ರಾಳ ಇಂಥವೇ ಸುಡುತ್ತಿದ್ದಿರಬೇಕು. ಅರಮನೆಗೆ ಅಗರು, ಊರ ಗುಡಿಗೆ ಮಡ್ಡಿ ಎನ್ನುವುದು ನನ್ನ ಊಹೆ. ಎರಡಕ್ಕೂ ‘ಧೂಪ’ ಎಂಬ ಒಂದೇ ಶಬ್ದ ಸಾಕಾಗುತ್ತಿತ್ತು, ಏಕೆಂದರೆ ಶಾಸನಕ್ಕೆ ಬೇಕಾದದ್ದು ಸೇವೆಯ ಹೆಸರು, ಅಂಗಡಿಯ ಚೀಟಿಯಲ್ಲ.

ಚೀಟಿಯ ಹಾಗೆ ಬರೆದದ್ದು ಚೋಳರು. ತಂಜಾವೂರಿನ ರಾಜರಾಜೇಶ್ವರ ದೇವಾಲಯದ ಗೋಡೆಯಲ್ಲಿ ದೇವರ ಮಜ್ಜನದ ನೀರಿಗೆ ಏಲಕ್ಕಿ, ಸಂಪಿಗೆ ಮೊಗ್ಗು, ಲಾವಂಚದ ಬೇರು ಇಷ್ಟಿಷ್ಟು ಎಂದು ಅಳತೆ ಸಮೇತ ಕೆತ್ತಿಸಿದ್ದಾರೆ. ನಮ್ಮ ಭಾಷೆಯಲ್ಲಿ ‘ಗಂಧೋದಕ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದನ್ನು ಅವರು ಪಟ್ಟಿ ಮಾಡಿ ಇಟ್ಟರು. ಅದರಲ್ಲಿ ಚಂದನದ ತುಣುಕು ಕೂಡ ಬೇಕಾಗಿಲ್ಲ ನೋಡಿ, ಆದರೂ ಅದು ಗಂಧದ ನೀರು. ಅಲ್ಲಿ ಸಿಕ್ಕ ಈ ವಿವರವನ್ನು ಇಲ್ಲಿನ ಅಡಕ ಸಾಲುಗಳಿಗೆ ಹಾಗೇ ಅಂಟಿಸಬಾರದು, ನಿಜ. ಆದರೆ ದೇವರ ಪರಿಮಳ ಎಂದರೆ ಶ್ರೀಗಂಧ ಒಂದೇ ಅಲ್ಲ ಎಂದು ತಿಳಿಯಲು ಅಷ್ಟು ಸಾಕು.

ಪರಿಮಳ ಬೆರೆಸುವ ವಿದ್ಯೆ ಕನ್ನಡದಲ್ಲೂ ಬರಹಕ್ಕೆ ಇಳಿದಿತ್ತು. ಕಲ್ಯಾಣ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಬಾವಿ ತೋಡುವುದು, ಗಿಡ ಬೆಳೆಸುವುದು, ಅಡುಗೆ ಮಾಡುವುದರ ಜೊತೆಗೆ ಸುಗಂಧಕ್ಕೂ ಒಂದು ಅಧ್ಯಾಯ ಇದೆ. ನೂರು ವರ್ಷದ ಮೇಲೆ, 1129ರ ಸುಮಾರಿಗೆ, ಅದೇ ವಂಶದ ಮೂರನೆಯ ಸೋಮೇಶ್ವರ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ರಾಜನ ಭೋಗಗಳನ್ನು ವಿಂಗಡಿಸುವಾಗ ವಿಲೇಪನಕ್ಕೆ ಒಂದು ಭೋಗ, ಧೂಪಕ್ಕೆ ಇನ್ನೊಂದು ಭೋಗ ಎಂದು ಬೇರೆ ಮಾಡಿದ. ದೇವರಿಗೆ ಅಂಗಭೋಗ, ರಾಜನಿಗೆ ಉಪಭೋಗ. ಶಬ್ದ ಒಂದೇ, ಚೌಕಟ್ಟು ಒಂದೇ. ದೇವರನ್ನು ರಾಜನ ಹಾಗೆ ನೋಡಿಕೊಂಡರು ಎಂದು ನಾವು ಸುಮ್ಮನೆ ಹೇಳುತ್ತೇವಲ್ಲ, ಅದು ಇಷ್ಟು ಸಣ್ಣ ವಿವರದವರೆಗೂ ನಿಜ.

ಇನ್ನೊಂದು ಮಾತು. ಶಾಸನಗಳಲ್ಲಿ ಉತ್ತರಾಯಣ ಸಂಕ್ರಮಣದ ದಿನ ಬಿಟ್ಟ ದತ್ತಿಗಳು ಎಷ್ಟಿವೆ! ಗ್ರಹಣಗಳನ್ನು ಬಿಟ್ಟರೆ ದಾನಕ್ಕೆ ಜನ ಕಾಯುತ್ತಿದ್ದ ದೊಡ್ಡ ಪರ್ವ ಅದೇ. 11, 12ನೆಯ ಶತಮಾನದಲ್ಲಿ ಅದು ಡಿಸೆಂಬರ್ 24, 25ರ ಸುಮಾರಿಗೆ ಬೀಳುತ್ತಿತ್ತು. ಅಂದರೆ ‘ಧಾರಾಪೂರ್ವಕಂ’ ಎಂದು ಕೈಮೇಲೆ ತಣ್ಣೀರು ಬಿಟ್ಟುಕೊಂಡು ನಿಂತವರು ನಡುಚಳಿಯಲ್ಲಿ ನಿಂತಿದ್ದರು. ಅಲ್ಲಿ ದೇವರಿಗೆ ಗಂಧವೂ ಆಗುತ್ತಿತ್ತು ಧೂಪವೂ ಆಗುತ್ತಿತ್ತು, ದೇವರಿಗೆ ಎರಡೂ ಹನ್ನೆರಡು ತಿಂಗಳ ಸೇವೆ. ಬೆಂಕಿಯ ಹತ್ತಿರ ನಿಂತ ಭಕ್ತರಿಗೆ ಯಾವುದು ಹಿತವಾಗುತ್ತಿತ್ತು ಎಂದು ನಾನು ಹೇಳಬೇಕಿಲ್ಲ. ಬೇಸಿಗೆಯಲ್ಲಿ ದೇವರಿಗೂ ಗಂಧದ ಪಾಲು ಹೆಚ್ಚು. ಸಿಂಹಾಚಲದ ಚಂದನೋತ್ಸವ, ಮಾಧ್ವ ಮಠಗಳ ಗಂಧಲೇಪನ ಎರಡೂ ಅಕ್ಷಯ ತದಿಗೆಗೆ, ವೈಶಾಖದ ಬಿಸಿಲಿಗೆ ಕೂಡಿಬರುತ್ತವೆ.

ಹಾಗಾದರೆ ಅಕ್ಕನ ಮಗ ಮಾಡಿದ್ದು ತಪ್ಪೇ? ನಾನು ಹಾಗೆನ್ನುವುದಿಲ್ಲ. ಗಂಧದ ಮರದಲ್ಲಿ ವಾಸನೆ ಇರುವುದು ಒಳಗಿನ ಚೇಗಿನಲ್ಲಿ, ಬೇರಿನಲ್ಲಿ ಇನ್ನೂ ಹೆಚ್ಚು; ಹೊರಗಿನ ಬಿಳಿ ಭಾಗದಲ್ಲಿ ಇಲ್ಲವೇ ಇಲ್ಲ. ಆ ಎಣ್ಣೆಯ ಮುಖ್ಯ ಅಂಶವಾದ ಸ್ಯಾಂಟಲಾಲ್ ಭಾರದ್ದು, ನಿಧಾನಕ್ಕೆ ಆರುತ್ತದೆ. ನಿಂಬೆ, ಕಿತ್ತಳೆಯ ಹಗುರ ಪರಿಮಳ ಚಳಿಯಲ್ಲಿ ಮಂಕಾಗಿ ಬೇಗ ಮುಗಿಯುತ್ತದೆ. ಮರದ ವಾಸನೆ ಮಾತ್ರ ಮೈಶಾಖಕ್ಕೆ, ಉಣ್ಣೆಯ ಶಾಲಿಗೆ ಅಂಟಿಕೊಂಡು ಸಂಜೆವರೆಗೂ ಇರುತ್ತದೆ. ಅಂಗಡಿಯವರ ಸಲಹೆಗೆ ಇದೇ ಕಾರಣ, ಕಾರಣ ಸರಿಯಾಗಿಯೇ ಇದೆ. ಅಜ್ಜಿಯ ಮಾತಿಗೆ ಕಾರಣ ಬೇರೆ. ಅವಳ ಗಂಧ ನೀರಿನಲ್ಲಿ ತೇಯ್ದದ್ದು. ಆ ನೀರು ಆರುವಾಗ ಮೈಯ ಶಾಖ ಎಳೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ಹಿತ, ಪುಷ್ಯದಲ್ಲಿ ನಡುಕ. ತಂಪು ಇದ್ದದ್ದು ಸಾಣೆಕಲ್ಲಿನ ಮೇಲೆ ಬಿಟ್ಟ ನೀರಿನಲ್ಲಿ ಎನ್ನುವುದು ನನ್ನ ಅಭಿಪ್ರಾಯ, ವೈದ್ಯರು ಒಪ್ಪದೆ ಇರಬಹುದು. ಬಾಟಲಿಯ ಸೆಂಟು ಲೇಪವೂ ಅಲ್ಲ, ಹೊಗೆಯೂ ಅಲ್ಲ. ನಮ್ಮ ಹಳೆಯ ಎರಡು ಮನೆಗಳಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಆದರೂ ಅವನು ಕೇಳಿದ್ದಕ್ಕೆ ಹೇಳಿದೆ: ಚಳಿಗೆ ಅಂತಲೇ ಕೊಳ್ಳುವುದಾದರೆ ದೇವದಾರು, ಅಗರು ಮುಂದಿರುವುದನ್ನು ನೋಡು. ಗಂಧ, ಲಾವಂಚವನ್ನು ಯುಗಾದಿಗೆ ಎತ್ತಿಡು. ಚರ್ಮ ಒಣಗಿರುವ ಕಾಲ, ಮೊದಲು ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಆಮೇಲೆ ಹಾಕಿಕೋ. ಎರಡು ಸಲ ಒತ್ತಿದ್ದು ಸಾಕು, ಗರ್ಭಗುಡಿಯ ಮುಂದೆ ನಿಂತಾಗ ಪಕ್ಕದವರಿಗೆ ಧೂಪದ ವಾಸನೆಯೂ ಸಿಗಬೇಕು.

ಗಂಧ ಈ ಸೀಮೆಗೆ ಪರಕೀಯವಲ್ಲ ಎನ್ನುವುದರಿಂದಲೇ ಇನ್ನೆರಡು ಮಾತು ಸೇರಿಸಬೇಕು. ಸಾವನದುರ್ಗದ ಸುತ್ತ, ಕನಕಪುರದಿಂದ ಕಾವೇರಿ ಕಣಿವೆಗೆ ಇಳಿಯುವ ಕುರುಚಲು ಕಾಡಿನಲ್ಲಿ, ಬಂಡೆಯ ನಡುವಿನ ಕೆಂಪು ಮಣ್ಣಿನಲ್ಲಿ ಗಂಧಕ್ಕೆ ಬೇಕಾದ ನೆಲವೇ ಇದೆ. ಅದು ಅರೆಪರಾವಲಂಬಿ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸಿ ಬದುಕುತ್ತದೆ. ಒಣ ನೆಲದಲ್ಲಿ ನಿಧಾನಕ್ಕೆ ಬೆಳೆದ ಮರದ ಚೇಗೇ ಹೆಚ್ಚು ಘಮ. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷ ಎಂದು ಸಾರಿದ ಎನ್ನುತ್ತಾರೆ. ಆಮೇಲಿನ ಮೈಸೂರು ಸಂಸ್ಥಾನವೂ ಆ ಹಕ್ಕು ಬಿಡಲಿಲ್ಲ. ಮೊದಲ ಮಹಾಯುದ್ಧದಲ್ಲಿ ಯೂರೋಪಿಗೆ ಕೊರಡು ಹೋಗುವುದು ನಿಂತಾಗ 1916ರಲ್ಲಿ ಸಂಸ್ಥಾನವೇ ಎಣ್ಣೆ ತೆಗೆಯಲು ಶುರು ಮಾಡಿತು, 1918ಕ್ಕೆ ಸೋಪು ಬಂತು. ರೈತನ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದು. ಹಾಗಾಗಿ ಸಸಿ ಕಂಡರೆ ರಾತ್ರೋರಾತ್ರಿ ಕಿತ್ತು ಹಾಕುವುದೇ ಜಾಣತನ ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಿದ್ದರು. 2001ರ ತಿದ್ದುಪಡಿಯ ನಂತರವೇ ಬೆಳೆದವನಿಗೆ ಮರ ತನ್ನದಾಯಿತು. ಈಗ ಹೊಲದ ಬದುವಿನಲ್ಲಿ ಗಂಧ ಹಾಕುವವರಿದ್ದಾರೆ. ಬೇಲಿ, ನಾಯಿ, ಕ್ಯಾಮೆರಾ ಎಲ್ಲ ಇಟ್ಟುಕೊಂಡು ಕಾಯುತ್ತಾರೆ. ಗುಡಿಗೆ ಗಂಧಕ್ಕೆಂದು ಬಿಟ್ಟ ಗದ್ದೆ ಯಾರ ಪಾಲಾಯಿತೋ, ಗುಡಿಯಲ್ಲಿ ಇವತ್ತು ಬಳಸುವುದು ಪ್ಯಾಕೆಟ್ಟಿನ ಹಳದಿ ಪುಡಿ. ಅದನ್ನೂ ಗಂಧ ಎಂದೇ ಕರೆಯುತ್ತೇವೆ.

ದೊಡ್ಡಮಳೂರಿನಿಂದ ಬರುವಾಗ ಪೇಟೆಯ ಒಂದು ಗ್ರಂಧಿಗೆ ಅಂಗಡಿಗೆ ಹೋದೆವು. ಆ ಹೆಸರು ಕೂಡ ‘ಗಂಧಿಗ’ನಿಂದ, ಪರಿಮಳ ಮಾರುವವನಿಂದ ಬಂದದ್ದು. ಈಗ ಅಲ್ಲಿ ಅಳಲೆಕಾಯಿ, ಬಜೆ, ಹೋಮದ ಸಾಮಾನು, ಅರಿಸಿನದ ಕೊಂಬು ಸಿಗುತ್ತದೆ. ‘ಅಗಿಲು ಇದೆಯಾ?’ ಎಂದು ಕೇಳಿದೆ. ಅಂಗಡಿಯವರಿಗೆ ತಿಳಿಯಲಿಲ್ಲ. ‘ಅಗರು’ ಎಂದೆ. ‘ಓ, ಅದಾ’ ಎಂದು ಒಳಗಿಂದ ಅಗರಬತ್ತಿಯ ಪೊಟ್ಟಣ ತಂದರು. ಮೇಲೆ ದೊಡ್ಡದಾಗಿ ‘ಗಂಧ’ ಎಂದು ಅಚ್ಚಾಗಿತ್ತು. ಮನೆಗೆ ಬಂದು ನೋಟ್‌ಬುಕ್ ತೆಗೆದು, ‘ಶ್ರೀಗಂಧಕ್ಕೆ ದತ್ತಿ’ ಎಂದು ಬರೆದಿದ್ದಲ್ಲೆಲ್ಲ ‘ಶ್ರೀ’ಯನ್ನು ಅಳಿಸಿ, ‘ಗಂಧ: ಲೇಪ, ದ್ರವ್ಯ ಹೇಳಿಲ್ಲ’ ಎಂದು ತಿದ್ದಿದೆ. ಅಷ್ಟರಲ್ಲಿ ಅಕ್ಕ ಅಟ್ಟದಿಂದ ಅಜ್ಜಿಯ ಸಾಣೆಕಲ್ಲು ಇಳಿಸಿದ್ದಳು. ನಡುವೆ ಸವೆದು ತಟ್ಟೆಯ ಹಾಗೆ ತಗ್ಗಾಗಿದೆ. ಕೊರಡು ಮಾತ್ರ ಮನೆಯಲ್ಲಿ ಎಲ್ಲೂ ಇರಲಿಲ್ಲ.